ಕೆಟ್ಟದ್ದು ಕೋಶದ ಬ್ರೇಕು, ಬೈಗುಳ ಮಾತ್ರ ಉಮ್ಮನಿಗೆ

ದ್ವಿತೀಯ ಪಿಯು ವಿಜ್ಞಾನ ತರಗತಿಯಲ್ಲಿ ‘ಮಾನವನ ಆರೋಗ್ಯ ಮತ್ತು ರೋಗಗಳು’ ಅಧ್ಯಾಯದ ಕ್ಯಾನ್ಸರ್ ಭಾಗ ಮುಗಿಸಿದ ದಿನ. ಬೆಲ್ ಆಯಿತು. ಬಸ್ಸು ತಪ್ಪುತ್ತದೆಂದು ಎಲ್ಲರೂ ಓಡಿದರು. ಬೈಂದೂರು ಕಡೆಯಿಂದ ಬರುವ ಒಬ್ಬ ವಿದ್ಯಾರ್ಥಿನಿ ಮಾತ್ರ ಬ್ಯಾಗ್ ಹೆಗಲಿಗೇರಿಸಿಕೊಂಡು ನಿಂತೇ ಇದ್ದಳು.

“ಮೇಡಂ, ಬ್ಲಡ್ ಕ್ಯಾನ್ಸರ್ ಮನೆತನದಿಂದ ಬರುವ ಕಾಯಿಲೆಯಾ?”

ಪರೀಕ್ಷೆಗೆ ಕೇಳುತ್ತಿದ್ದಾಳೆ ಎಂದುಕೊಂಡು “ಸಾಮಾನ್ಯವಾಗಿ ಅಲ್ಲ” ಎಂದು ಒಂದೇ ಸಾಲಿನಲ್ಲಿ ಹೇಳಿ ಬೋರ್ಡ್ ಒರೆಸತೊಡಗಿದೆ. ಅವಳು ಹೋಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ವಿಷಯ ಹೊರಬಂತು. ಅವಳ ಆರು ವರ್ಷದ ತಮ್ಮನಿಗೆ ಲ್ಯುಕೇಮಿಯಾ. ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಗಿದೆ. ನೋಡಲು ಬಂದ ನೆಂಟರು ಹುಡುಗನನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ಅವನ ಉಮ್ಮನನ್ನು ವಿಚಾರಣೆ ಮಾಡಿದ್ದಾರೆ. ಬಸುರಿಯಲ್ಲಿ ಏನು ತಿಂದಿದ್ದೆ? ಗ್ರಹಣದ ದಿನ ಹೊರಗೆ ಬಂದಿದ್ದೆಯಾ? ಯಾರ ಕಣ್ಣು ಬಿತ್ತು? ಅಷ್ಟಕ್ಕೇ ಮುಗಿಯಲಿಲ್ಲ. ಅಕ್ಕನ ಮದುವೆಗೆ ನಡೆಯುತ್ತಿದ್ದ ಮಾತುಕತೆ ನಿಂತುಹೋಗಿದೆ. ‘ಆ ಮನೆಯ ರಕ್ತದಲ್ಲೇ ಏನೋ ದೋಷ ಇದೆಯಂತೆ’ ಎಂದು ಯಾರೋ ಗಂಡಿನ ಕಡೆಯವರ ಕಿವಿಗೆ ಹಾಕಿದ್ದಾರೆ.

“ಮೇಡಂ, ನಮ್ಮ ಉಮ್ಮನ ತಪ್ಪು ಏನಾದರೂ ಇದೆಯಾ? ನೀವು ಪಾಠದಲ್ಲಿ ಅದನ್ನು ಹೇಳಲಿಲ್ಲ.”

ಹೌದು, ಹೇಳಿರಲಿಲ್ಲ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ, ಅಂದು ಪಾಠದಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ. ಲ್ಯುಕೇಮಿಯಾ ಹೇಗೆ ಹುಟ್ಟುತ್ತದೆ ಎಂಬುದು ಅಂಕಕ್ಕಾಗಿ ಓದಿ ಮರೆಯುವ ವಿಷಯವಲ್ಲ. ಅದನ್ನು ಸರಿಯಾಗಿ ತಿಳಿದವನು ಯಾವ ತಾಯಿಯ ಮೇಲೂ ಬೆರಳು ತೋರಿಸಲಾರ, ಯಾವ ಹುಡುಗಿಯ ಸಂಬಂಧವನ್ನೂ ಮುರಿಯಲಾರ.

ನಮ್ಮ ಪಠ್ಯಪುಸ್ತಕ ಈ ಕಥೆಯ ಅರ್ಧವನ್ನು ಮಾತ್ರ ಹೇಳುತ್ತದೆ. ಸಾಮಾನ್ಯ ಕೋಶಗಳಲ್ಲೇ ಪ್ರೋಟೋ ಆಂಕೋಜೀನ್‌ಗಳಿರುತ್ತವೆ, ಅವು ಕೆಲವು ಸಂದರ್ಭಗಳಲ್ಲಿ ಸಕ್ರಿಯವಾದರೆ ಕೋಶ ಕ್ಯಾನ್ಸರ್ ಕೋಶವಾಗಬಹುದು ಎಂದು ಅಲ್ಲಿದೆ. ಅದು ಆಕ್ಸಿಲರೇಟರ್‌ನ ಕಥೆ. ಬ್ರೇಕಿನ ಕಥೆ ಅಲ್ಲಿಲ್ಲ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿಯಲ್ಲಿ ಬಸ್ಸಿನಲ್ಲಿ ಹೋಗಿಬಂದವರಿಗೆ ಗೊತ್ತು: ಹತ್ತುವಾಗ ಎಂಜಿನ್ ಮುಖ್ಯ, ಇಳಿಯುವಾಗ ಬ್ರೇಕ್ ಮುಖ್ಯ. ಕೋಶವೂ ಹಾಗೆಯೇ. ವಿಭಜನೆಗೆ ಒತ್ತುವ ಜೀನ್‌ಗಳಿರುವಂತೆ ‘ನಿಲ್ಲು, ಮೊದಲು ಪರೀಕ್ಷಿಸು’ ಎನ್ನುವ ಜೀನ್‌ಗಳೂ ಇವೆ. ಇವು ತಯಾರಿಸುವ ಪ್ರೋಟೀನ್‌ಗಳೇ ಟ್ಯೂಮರ್ ಸಪ್ರೆಸರ್ ಪ್ರೋಟೀನ್‌ಗಳು, ಅಂದರೆ ಗೆಡ್ಡೆ ಬೆಳೆಯದಂತೆ ತಡೆಯುವ ಪ್ರೋಟೀನ್‌ಗಳು. ಲ್ಯುಕೇಮಿಯಾದಲ್ಲಿ ಗೆಡ್ಡೆ ಕಾಣಿಸದಿದ್ದರೂ ಹೆಸರು ಅದೇ, ಕೆಲಸವೂ ಅದೇ.

ಈ ಬ್ರೇಕ್ ಯಾಕೆ ಬೇಕು ಎಂದು ತಿಳಿಯಲು ನಮ್ಮ ಅಸ್ಥಿಮಜ್ಜೆಯ ಕೆಲಸವನ್ನು ನೋಡಿದರೆ ಸಾಕು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ ಎಂದು ನೀವು ಓದಿದ್ದೀರಿ. ಸತ್ತದ್ದನ್ನು ತುಂಬಿಕೊಡಲು ಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ಕಣಗಳನ್ನು ತಯಾರಿಸಬೇಕು. ಬಿಳಿ ಕಣ, ಪ್ಲೇಟ್‌ಲೆಟ್‌ಗಳ ಲೆಕ್ಕ ಬೇರೆ. ಪ್ರತಿಯೊಂದು ವಿಭಜನೆಗೂ ಮೊದಲು 600 ಕೋಟಿಗೂ ಹೆಚ್ಚು ಅಕ್ಷರ ಜೋಡಿಗಳಿರುವ ಡಿಎನ್‌ಎಯನ್ನು ನಕಲು ಮಾಡಬೇಕು. ಜೆರಾಕ್ಸ್ ಅಂಗಡಿಯಲ್ಲಿ ನೂರು ಪುಟದ ನೋಟ್ಸ್ ಕೊಟ್ಟರೆ ಒಂದು ಪುಟವಾದರೂ ಓರೆಯಾಗಿ ಬರುತ್ತದೆ. ಇಷ್ಟು ದೊಡ್ಡ ನಕಲಿನಲ್ಲಿ ತಪ್ಪುಗಳಾಗದೆ ಇರುವುದಿಲ್ಲ. ಹೆಚ್ಚಿನವನ್ನು ಕೋಶ ತಾನೇ ತಿದ್ದಿಕೊಳ್ಳುತ್ತದೆ. ಉಳಿದ ಕೆಲವಕ್ಕೆ ಉತ್ಪರಿವರ್ತನೆ ಎಂದು ಹೆಸರು.

ಬ್ರೇಕ್ ಪ್ರೋಟೀನ್‌ಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಪಿ53. ಅದರ ಜೀನ್ ಟಿಪಿ53, 17ನೇ ಕ್ರೋಮೋಸೋಮ್‌ನ ಗಿಡ್ಡ ತೋಳಿನಲ್ಲಿದೆ. 393 ಅಮೈನೋ ಆಮ್ಲಗಳ ಈ ಪ್ರೋಟೀನ್ ಸಾಮಾನ್ಯ ದಿನಗಳಲ್ಲಿ ಕೋಶದಲ್ಲಿ ಬಹಳ ಕಡಿಮೆ ಇರುತ್ತದೆ. ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಡಿಎನ್‌ಎಗೆ ಪೆಟ್ಟು ಬಿದ್ದಾಗ ಈ ಹಿಡಿತ ಸಡಿಲವಾಗಿ ಪಿ53 ಪ್ರಮಾಣ ಏರುತ್ತದೆ. ಅದು ಡಿಎನ್‌ಎಯ ಮೇಲೆ ಕುಳಿತು ಪಿ21 ಎಂಬ ಪ್ರೋಟೀನ್‌ನ ತಯಾರಿಕೆಗೆ ಚಾಲನೆ ಕೊಡುತ್ತದೆ. ಪ್ರಥಮ ಪಿಯುವಿನಲ್ಲಿ ಕಲಿತ ಕೋಶಚಕ್ರ ನೆನಪಿಸಿಕೊಳ್ಳಿ. ಈ ಪಿ21 ಕೋಶವನ್ನು ಜಿ1 ಹಂತದಲ್ಲೇ ನಿಲ್ಲಿಸುತ್ತದೆ. ರಿಪೇರಿ ಸಾಧ್ಯವಾದರೆ ರಿಪೇರಿ. ಆಗದಿದ್ದರೆ ಪಿ53 ಇನ್ನೊಂದು ಆದೇಶ ಕೊಡುತ್ತದೆ: ಕೋಶ ತಾನಾಗಿಯೇ ಸಾಯಬೇಕು. ಕೆಟ್ಟ ನಕಲು ಮುಂದಿನ ಪೀಳಿಗೆಯ ಕೋಶಗಳಿಗೆ ಹೋಗಬಾರದು ಎಂಬುದೇ ಉದ್ದೇಶ.

ಈಗ ಈ ಪಿ53 ಜೀನ್‌ನಲ್ಲೇ ತಪ್ಪಾದರೆ? ಕುಡುಗೋಲು ಕಣ ರಕ್ತಹೀನತೆಯಲ್ಲಿ ಬೀಟಾ ಗ್ಲೋಬಿನ್‌ನ 6ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದದ್ದನ್ನು ನೀವು ಓದಿದ್ದೀರಿ. ಪಿ53ನಲ್ಲೂ ಬಹುಪಾಲು ಅಂಥದೇ ಒಂದಕ್ಷರದ ತಪ್ಪುಗಳು. 175, 248, 273ನೇ ಸ್ಥಾನಗಳಲ್ಲಿ ಇರಬೇಕಾದ ಆರ್ಜಿನೈನ್ ಬದಲು ಬೇರೆ ಅಮೈನೋ ಆಮ್ಲ ಬಂದು ಕೂರುವುದು ಮತ್ತೆ ಮತ್ತೆ ಕಂಡುಬರುತ್ತದೆ. ಇವೆಲ್ಲ ಪಿ53 ಡಿಎನ್‌ಎಯನ್ನು ಹಿಡಿಯುವ ಭಾಗದಲ್ಲಿರುವ ಸ್ಥಾನಗಳು. ಹಿಡಿತ ತಪ್ಪಿದರೆ ಆದೇಶ ಹೊರಡುವುದಿಲ್ಲ. ಅದೂ ಅಲ್ಲದೆ ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಅಣುಗಳು ಒಟ್ಟು ಸೇರಬೇಕು. ನಾಲ್ವರು ಹಿಡಿದ ಬಲೆಯಲ್ಲಿ ಒಬ್ಬ ಮೂಲೆ ಬಿಟ್ಟರೆ ಮೀನು ಹೋದ ಹಾಗೆಯೇ. ಒಂದು ಪ್ರತಿ ಕೆಟ್ಟರೂ ಉಳಿದ ಒಳ್ಳೆಯ ಅಣುಗಳ ಕೆಲಸಕ್ಕೆ ತೊಡಕಾಗುತ್ತದೆ.

ಇಲ್ಲಿ ವಿಜ್ಞಾನದ ಚರಿತ್ರೆಯ ಒಂದು ಸಂಗತಿ ಹೇಳಲೇಬೇಕು. ಪಿ53 ಪತ್ತೆಯಾದದ್ದು 1979ರಲ್ಲಿ. ಕ್ಯಾನ್ಸರ್ ಕೋಶಗಳಲ್ಲಿ ಅದು ರಾಶಿ ರಾಶಿಯಾಗಿ ಸಿಗುತ್ತಿತ್ತು. ಹಾಗಾಗಿ ಕ್ಯಾನ್ಸರ್ ಮಾಡುವುದು ಅದೇ ಇರಬೇಕು ಎಂದು ವಿಜ್ಞಾನಿಗಳು ಸುಮಾರು ಹತ್ತು ವರ್ಷ ನಂಬಿದ್ದರು. ಪ್ರಯೋಗಾಲಯಗಳಲ್ಲಿ ಅವರು ಬಳಸುತ್ತಿದ್ದದ್ದು ಉತ್ಪರಿವರ್ತನೆಗೊಂಡ, ಅಂದರೆ ಆಗಲೇ ಕೆಟ್ಟುಹೋದ ಪಿ53 ಎಂಬುದು ತಿಳಿದ ಮೇಲೆ, 1989ರಲ್ಲಿ ತೀರ್ಪು ತಿರುಗಿತು. ಸರಿಯಾದ ಪಿ53 ಕ್ಯಾನ್ಸರನ್ನು ತಡೆಯುತ್ತದೆ, ಅದು ಕೆಟ್ಟಾಗಲೇ ತೊಂದರೆ. ಕಾವಲುಗಾರನನ್ನೇ ಕಳ್ಳನೆಂದು ಹತ್ತು ವರ್ಷ ಹಿಡಿದಿಟ್ಟ ಹಾಗಾಯಿತು. ಘಟನೆ ನಡೆದ ಜಾಗದಲ್ಲಿ ಕಂಡವರೆಲ್ಲ ಅಪರಾಧಿಗಳಲ್ಲ ಎಂಬ ಪಾಠ ಇದರಲ್ಲಿದೆ. ಕಾಯಿಲೆಯ ಮಗುವಿನ ಪಕ್ಕದಲ್ಲಿ ಯಾವಾಗಲೂ ಕಾಣಿಸುವವಳು ತಾಯಿ. ನಮ್ಮ ನೆಂಟರು ಮಾಡಿದ ತಪ್ಪು ಕೂಡ ಇದೇ ಜಾತಿಯದು. ವಿಜ್ಞಾನಿಗಳು ತಮ್ಮ ತಪ್ಪನ್ನು ಒಪ್ಪಿ ತಿದ್ದಿಕೊಂಡರು. ನಾವು?

ಲ್ಯುಕೇಮಿಯಾಗೆ ಬರೋಣ. ಮನುಷ್ಯನ ಎಲ್ಲ ಕ್ಯಾನ್ಸರ್‌ಗಳನ್ನು ಒಟ್ಟು ತೆಗೆದುಕೊಂಡರೆ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ರಕ್ತದ ಕ್ಯಾನ್ಸರ್‌ನಲ್ಲಿ ಆ ಪ್ರಮಾಣ ಕಡಿಮೆ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ರೋಗಿಗಳಲ್ಲಿ ನೂರರಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ. ಆದರೆ ಕೆಟ್ಟಿದ್ದರೆ ಆ ಕಾಯಿಲೆ ಬಗ್ಗಿಸುವುದು ಬಹಳ ಕಷ್ಟ. ಕಾರಣ ಸರಳ. ಕಿಮೊಥೆರಪಿಯ ಅನೇಕ ಔಷಧಗಳು ಕ್ಯಾನ್ಸರ್ ಕೋಶದ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಆ ಪೆಟ್ಟನ್ನು ಗುರುತಿಸಿ ‘ಸಾಯಿ’ ಎಂದು ಆದೇಶ ಕೊಡಬೇಕಾದದ್ದು ಪಿ53. ಅದೇ ಇಲ್ಲದಿದ್ದರೆ ಪೆಟ್ಟು ತಿಂದ ಕೋಶವೂ ಬದುಕಿಕೊಳ್ಳುತ್ತದೆ. ವಯಸ್ಸಾದವರಲ್ಲಿ ಬರುವ ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ 17ನೇ ಕ್ರೋಮೋಸೋಮ್‌ನ ಆ ತುಂಡೇ ಕಳೆದುಹೋಗಿರುವುದುಂಟು. ಅಂಥವರಿಗೆ ಹಳೆಯ ಕಿಮೊಥೆರಪಿಯ ಬದಲು, ಪಿ53ನ ನೆರವಿಲ್ಲದೆಯೂ ಕೆಲಸ ಮಾಡಬಲ್ಲ ಹೊಸ ಮಾತ್ರೆಗಳನ್ನು ವೈದ್ಯರು ಆರಿಸುತ್ತಾರೆ. ಜೀನ್ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳಿದರೆ ಅದು ಹಣ ಕೀಳುವ ಉಪಾಯವೆಂದು ಗೊಣಗುವ ಮೊದಲು ಇದನ್ನು ನೆನಪಿಡಬೇಕು.

ಪಿ53 ಒಂದೇ ಬ್ರೇಕ್ ಅಲ್ಲ. 9ನೇ ಕ್ರೋಮೋಸೋಮ್‌ನಲ್ಲಿ ಸಿಡಿಕೆಎನ್2ಎ ಎಂಬ ಜೀನ್ ಇದೆ. ಒಂದೇ ಜಾಗದಿಂದ ಎರಡು ಪ್ರೋಟೀನ್ ಬರುತ್ತವೆ. ಒಂದು ಕೋಶಚಕ್ರವನ್ನು ನೇರವಾಗಿ ತಡೆಯುತ್ತದೆ, ಇನ್ನೊಂದು ಮೇಲೆ ಹೇಳಿದ ಎಂಡಿಎಂ2ವನ್ನು ಅಡಗಿಸಿ ಪಿ53ಗೆ ನೆರವಾಗುತ್ತದೆ. ಟಿ ಕೋಶಗಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಹೆಚ್ಚಿನ ರೋಗಿಗಳಲ್ಲಿ ಈ ಜಾಗವೇ ಅಳಿಸಿಹೋಗಿರುತ್ತದೆ. ಕಾಲಿನ ಬ್ರೇಕೂ ಹೋಯಿತು, ಕೈ ಬ್ರೇಕೂ ಹೋಯಿತು. ಇಕಾರಸ್ ಎಂಬ ಇನ್ನೊಂದು ಪ್ರೋಟೀನ್ ಎಳೆಯ ಬಿಳಿ ಕಣ ಬಲಿತು ಬಿ ಕೋಶವಾಗಲು ಬೇಕು. ಅದು ಕೆಟ್ಟರೆ ಕಣಗಳು ಬಲಿಯದೆ, ಎಳೆಯವಾಗಿಯೇ ಉಳಿದು ವಿಭಜನೆಯಾಗುತ್ತಾ ಹೋಗುತ್ತವೆ. ಶಾಲೆ ಮುಗಿಸದೆ, ಕೆಲಸಕ್ಕೂ ಸೇರದೆ ಬರೀ ಗುಂಪು ಬೆಳೆಸಿದ ಹಾಗೆ. ಮಜ್ಜೆಯಲ್ಲಿ ಇವು ಜಾಗ ಹಿಡಿದಾಗ ಕೆಂಪು ಕಣಗಳಿಗೆ ಜಾಗವಿಲ್ಲ, ಮಗು ಬಿಳಚಿಕೊಳ್ಳುತ್ತದೆ. ಪ್ಲೇಟ್‌ಲೆಟ್‌ಗೆ ಜಾಗವಿಲ್ಲ, ಒಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ. ಕೆಲಸ ಮಾಡಬಲ್ಲ ಬಿಳಿ ಕಣವಿಲ್ಲ, ಜ್ವರ ಬಿಡುವುದಿಲ್ಲ.

ಒಂದು ತಪ್ಪಿನಿಂದಲೇ ಇದೆಲ್ಲ ಆಗುವುದಿಲ್ಲ ಎಂಬುದೂ ಮುಖ್ಯ. 1971ರಲ್ಲಿ ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ವೈದ್ಯ ವಿಜ್ಞಾನಿ ಮಕ್ಕಳ ಕಣ್ಣಿನ ಕ್ಯಾನ್ಸರ್ ಆದ ರೆಟಿನೋಬ್ಲಾಸ್ಟೋಮಾವನ್ನು ಅಧ್ಯಯನ ಮಾಡಿ ‘ಎರಡು ಪೆಟ್ಟು’ಗಳ ಸಿದ್ಧಾಂತ ಕೊಟ್ಟರು. ನಮ್ಮಲ್ಲಿ ಪ್ರತಿ ಜೀನ್‌ಗೂ ಎರಡು ಪ್ರತಿ, ತಂದೆಯಿಂದ ಒಂದು, ತಾಯಿಯಿಂದ ಒಂದು. ಬ್ರೇಕ್ ಪೂರ್ತಿ ಹೋಗಬೇಕಾದರೆ ಸಾಮಾನ್ಯವಾಗಿ ಒಂದೇ ಕೋಶದಲ್ಲಿ ಎರಡೂ ಪ್ರತಿಗಳಿಗೆ ಪೆಟ್ಟು ಬೀಳಬೇಕು. ಅದರ ಜೊತೆ ಆಕ್ಸಿಲರೇಟರ್ ಒತ್ತುವ ಇನ್ನೊಂದು ತಪ್ಪೂ ಸೇರಬೇಕು. ಹಾಗಾಗಿಯೇ ದಿನಕ್ಕೆ ಅಷ್ಟು ಕೋಟಿ ವಿಭಜನೆ ನಡೆದರೂ ನಮ್ಮಲ್ಲಿ ಹೆಚ್ಚಿನವರಿಗೆ ಲ್ಯುಕೇಮಿಯಾ ಬರುವುದಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ಕುಡುಗೋಲು ಕಣ ರೋಗದ ತಪ್ಪು ಹುಟ್ಟುವಾಗಲೇ ದೇಹದ ಪ್ರತಿ ಕೋಶದಲ್ಲೂ ಇರುತ್ತದೆ, ಹೆತ್ತವರಿಂದ ಬಂದಿರುತ್ತದೆ. ಲ್ಯುಕೇಮಿಯಾದ ತಪ್ಪುಗಳು ಬಹುತೇಕ ಹಾಗಲ್ಲ. ಮಜ್ಜೆಯ ಒಂದು ಕೋಶದಲ್ಲಿ ಆದದ್ದು, ಆ ಕೋಶದ ಮರಿಗಳಲ್ಲಿ ಮಾತ್ರ ಇರುವುದು. ಉಮ್ಮ ಕೊಟ್ಟ ಪ್ರತಿಯಲ್ಲಿ ತಪ್ಪಿರಲಿಲ್ಲ. ಮಗುವಿನ ದೇಹದೊಳಗೆ ಅದನ್ನು ನಕಲು ಮಾಡುವಾಗ ತಪ್ಪಾಯಿತು. ಮಕ್ಕಳ ಲ್ಯುಕೇಮಿಯಾದಲ್ಲಿ ಮೊದಲ ತಪ್ಪು ಎಷ್ಟೋ ಸಲ ಮಗು ಗರ್ಭದಲ್ಲಿರುವಾಗಲೇ ಆಗಿರುತ್ತದೆ ಎಂಬುದು ನಿಜ. ಅದನ್ನು ಹಿಡಿದುಕೊಂಡು ‘ನೋಡಿದಿರಾ, ಬಸುರಿಯಲ್ಲಿ ತಿಂದದ್ದರಿಂದಲೇ’ ಎನ್ನುವವರಿಗೆ ಹೇಳುತ್ತೇನೆ: ಅದು ಮಗುವಿನ ಕೋಶ ವಿಭಜನೆಯಾಗುವಾಗ ಆದ ಆಕಸ್ಮಿಕ. ತಾಯಿ ತಿಂದ ಪಪ್ಪಾಯಿಯಿಂದ, ನೋಡಿದ ಗ್ರಹಣದಿಂದ ಆದದ್ದಲ್ಲ. ಇದು ಮುಟ್ಟಿದರೆ ಅಂಟುವ ಕಾಯಿಲೆಯೂ ಅಲ್ಲ. ಅಕ್ಕನಿಗೆ, ತಂಗಿಗೆ ಬರುವ ಸಾಧ್ಯತೆ ತೀರಾ ಕಡಿಮೆ. ಸಂಬಂಧ ಮುರಿಯಲು ಇದರಲ್ಲಿ ಯಾವ ಕಾರಣವೂ ಇಲ್ಲ.

ಪ್ರಾಮಾಣಿಕವಾಗಿ ಹೇಳಬೇಕಾದರೆ ಅಪವಾದಗಳಿವೆ. ಲಿ-ಫ್ರೌಮೆನಿ ಸಿಂಡ್ರೋಮ್ ಎಂಬ ಅಪರೂಪದ ಸ್ಥಿತಿಯಲ್ಲಿ ಕೆಟ್ಟ ಟಿಪಿ53 ಜೀನ್ ಹುಟ್ಟುವಾಗಲೇ ಇರುತ್ತದೆ. ಅಂಥ ಕುಟುಂಬಗಳಲ್ಲಿ ಬೇರೆ ಬೇರೆ ಕ್ಯಾನ್ಸರ್‌ಗಳು ಎಳೆ ವಯಸ್ಸಿನಲ್ಲೇ ಕಾಣಿಸಬಹುದು. ಕೋಶಗಳಲ್ಲಿ 46ರ ಬದಲು 32ರಿಂದ 39 ಕ್ರೋಮೋಸೋಮ್ ಮಾತ್ರ ಉಳಿದಿರುವ ಒಂದು ಅಪರೂಪದ ಲ್ಯುಕೇಮಿಯಾ ಇದೆ. ಅದರಲ್ಲಿ ಬಹುಪಾಲು ರೋಗಿಗಳ ಟಿಪಿ53 ಕೆಟ್ಟಿರುತ್ತದೆ. ಅದು ಮಕ್ಕಳಲ್ಲಿ ಬಂದಾಗ ಸುಮಾರು ಅರ್ಧದಷ್ಟು ಮಂದಿಯ ಆರೋಗ್ಯವಂತ ಕೋಶಗಳಲ್ಲೂ ಅದೇ ತಪ್ಪು ಸಿಗುತ್ತದೆ. ಅಂಥ ಮನೆಗಳಿಗೆ ಬೇಕಾದದ್ದು ತಜ್ಞರ ಸಲಹೆ ಮತ್ತು ಕಾಲಕಾಲಕ್ಕೆ ತಪಾಸಣೆ. ಅಲ್ಲಿಯೂ ಯಾರೂ ಬೇಕೆಂದು ಜೀನ್ ಕೊಟ್ಟಿಲ್ಲ. ಮೂಗು, ಮೈಬಣ್ಣ ಕೊಟ್ಟ ಹಾಗೆಯೇ ಅದೂ ಬಂದಿದೆ. ಬಂದದ್ದಕ್ಕೆ ಅಪರಾಧ ಎನ್ನಲಾಗದು.

ಹಾಗಾದರೆ ಎಚ್ಚರಿಕೆ ವಹಿಸುವಂಥದ್ದು ಏನೂ ಇಲ್ಲವೇ? ಇದೆ. ಬೆಂಜೀನ್, ಅತಿಯಾದ ವಿಕಿರಣ, ಬೀಡಿ-ಸಿಗರೇಟಿನ ಹೊಗೆ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ದೊಡ್ಡವರ ಮೈಲಾಯ್ಡ್ ಲ್ಯುಕೇಮಿಯಾಗೂ ಧೂಮಪಾನಕ್ಕೂ ಸಂಬಂಧವಿದೆ. ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಸಿಗರೇಟು ಕಲಿಯುತ್ತಿರುವ ತಮ್ಮಂದಿರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಆದರೆ ಆರು ವರ್ಷದ ಮಗುವಿನ ವಿಷಯದಲ್ಲಿ ಇಂಥ ಕಾರಣ ಹುಡುಕಿದರೂ ಸಿಗುವುದು ಅಪರೂಪ.

ಕಾರಣ ಹುಡುಕುವ ಈ ಗದ್ದಲಕ್ಕೆ ಒಂದು ಬೆಲೆ ಇದೆ, ಅದನ್ನು ತೆರುವುದು ಮಗು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಅನೇಕ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 30ಕ್ಕಿಂತ ಕಡಿಮೆ. ಮಕ್ಕಳ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಸರಿಯಾದ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುವ ಕ್ಯಾನ್ಸರ್‌ಗಳಲ್ಲಿ ಒಂದು. ಅಂತರಕ್ಕೆ ಕಾರಣ ತಡವಾದ ಪತ್ತೆ, ತಪ್ಪು ಪತ್ತೆ, ಖರ್ಚು ಮತ್ತು ಅರ್ಧಕ್ಕೆ ಬಿಟ್ಟ ಚಿಕಿತ್ಸೆ.

ನಮ್ಮ ಕರಾವಳಿಯಲ್ಲಿ ತಡವಾಗುವ ಬಗೆ ನಮಗೆಲ್ಲ ಪರಿಚಿತ. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ, ಮಲೇರಿಯಾ, ಇಲಿ ಜ್ವರ ಎನ್ನುವುದು ಸಹಜ. ಪ್ಲೇಟ್‌ಲೆಟ್ ಕಡಿಮೆ ಎಂದರೆ ಪಪ್ಪಾಯಿ ಎಲೆಯ ರಸ ಕುಡಿಸುತ್ತೇವೆ. ಹೆಚ್ಚಿನ ಸಲ ಅದು ಮಳೆಗಾಲದ ಜ್ವರವೇ ಆಗಿರುತ್ತದೆ, ಹೆದರಬೇಕಾಗಿಲ್ಲ. ಆದರೆ ಜ್ವರ ವಾರಗಟ್ಟಲೆ ಬಿಟ್ಟು ಬಿಟ್ಟು ಬರುತ್ತಿದ್ದರೆ, ಮಗು ಬಿಳಚಿಕೊಂಡಿದ್ದರೆ, ಬೀಳದೆಯೂ ಮೈಮೇಲೆ ನೀಲಿ ಕಲೆಗಳಿದ್ದರೆ, ಕಾಲು ನೋವೆಂದು ರಾತ್ರಿ ಅಳುತ್ತಿದ್ದರೆ, ಕುತ್ತಿಗೆಯಲ್ಲಿ ಗಂಟುಗಳಿದ್ದರೆ ಒಂದು ರಕ್ತಕಣಗಳ ಎಣಿಕೆ ಮಾಡಿಸಿ, ಆ ಚೀಟಿಯನ್ನು ವೈದ್ಯರಿಗೆ ತೋರಿಸಲೇಬೇಕು. ಮೊದಲ ಸುಳಿವು ಸಿಗಲು ಇಷ್ಟು ಸಾಮಾನ್ಯ ಪರೀಕ್ಷೆ ಎಷ್ಟೋ ಸಲ ಸಾಕು. ಖಚಿತಪಡಿಸಲು ಮಜ್ಜೆಯ ಪರೀಕ್ಷೆ ಬೇಕು.

ಇನ್ನೊಂದು ಅಪಾಯ ಚಿಕಿತ್ಸೆಯ ನಡುವೆ ಬರುತ್ತದೆ. ಈ ಲ್ಯುಕೇಮಿಯಾಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಒಂದು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳ ರಕ್ತದ ವರದಿ ಚೆನ್ನಾಗಿ ಬರುತ್ತದೆ, ಮಗು ಆಡತೊಡಗುತ್ತದೆ. ‘ಗುಣವಾಯಿತಲ್ಲ, ಇನ್ನು ಯಾಕೆ ಆ ವಿಷದ ಇಂಜೆಕ್ಷನ್, ಹಳ್ಳಿ ಮದ್ದು ಮಾಡೋಣ’ ಎಂದು ಯಾರಾದರೂ ಹೇಳುವುದು ಆಗಲೇ. ಮಜ್ಜೆಯಲ್ಲಿ ಉಳಿದಿರುವ ಬ್ರೇಕ್ ಇಲ್ಲದ ಕೆಲವೇ ಕೋಶಗಳು ಮತ್ತೆ ಕೋಟಿಗಳಾಗಲು ಬೇಕಾದದ್ದು ಸಮಯ ಮಾತ್ರ. ಮರುಕಳಿಸಿದ ಕಾಯಿಲೆಯಲ್ಲಿ ಟಿಪಿ53 ಕೆಟ್ಟಿರುವುದು ಮೊದಲಿಗಿಂತ ಹೆಚ್ಚು ಕಾಣಿಸುತ್ತದೆ, ಅಂದರೆ ಎರಡನೇ ಸಲ ಅದು ಇನ್ನಷ್ಟು ಹಟಮಾರಿ. ದುವಾ ಮಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ. ದುವಾ ಮಾಡಿ, ಔಷಧದ ತಾರೀಖು ತಪ್ಪಿಸಬೇಡಿ.

ಖರ್ಚಿನ ಭಯ ನಿಜವಾದದ್ದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಕ್ಯಾನ್ಸರ್ ಕೂಡ ಅದರಲ್ಲಿ ಸೇರಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಪತ್ರದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಬೇಕು. ನಮಗೆ ಮಣಿಪಾಲ, ಮಂಗಳೂರು ದೂರವಲ್ಲ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಗಂಥಿ ಸಂಸ್ಥೆ ಇದೆ. ಹೊಲ ಮಾರುವ ಮೊದಲು, ಚಿಕಿತ್ಸೆ ಬಿಡುವ ಮೊದಲು ಈ ಬಾಗಿಲುಗಳನ್ನು ತಟ್ಟಬೇಕು. ಅರ್ಜಿ ತುಂಬಲು ಬಾರದ ನೆರೆಮನೆಯವರಿಗೆ ತುಂಬಿಕೊಡುವುದು ಪಿಯು ಓದಿದವರಿಗೆ ಹತ್ತು ನಿಮಿಷದ ಕೆಲಸ.

ವಿದ್ಯಾರ್ಥಿಗಳು ಮತ್ತೇನು ಮಾಡಬಹುದು? ಕಿಮೊಥೆರಪಿ ನಡೆಯುವಾಗ ಮಕ್ಕಳಿಗೆ ರಕ್ತ, ಪ್ಲೇಟ್‌ಲೆಟ್ ಮತ್ತೆ ಮತ್ತೆ ಬೇಕಾಗುತ್ತದೆ. ಪ್ಲೇಟ್‌ಲೆಟ್‌ಗಳನ್ನು ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲ. ಆದ್ದರಿಂದ ವರ್ಷಕ್ಕೊಂದು ಶಿಬಿರ ಮಾಡಿ ಫೋಟೋ ತೆಗೆಸಿಕೊಂಡರೆ ಸಾಲದು, ಕರೆದಾಗ ಬರುವವರು ಬೇಕು. 18 ತುಂಬದ ನಿಮ್ಮಲ್ಲಿ ಹೆಚ್ಚಿನವರು ರಕ್ತ ಕೊಡುವಂತಿಲ್ಲ. ಆದರೆ ಅಣ್ಣಂದಿರು, ಮಾವಂದಿರು, ನಮ್ಮ ಸ್ಟಾಫ್ ರೂಮಿನವರು ಕೊಡಬಹುದು. ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಬರುವ ನೀವು ನಿಮ್ಮ ನಿಮ್ಮ ಊರಿನ ದಾನಿಗಳ ಒಂದು ಪಟ್ಟಿ ಮಾಡಿ ಕಾಲೇಜು ಕಚೇರಿಯಲ್ಲಿಟ್ಟರೆ ಅದು ಈ ವರ್ಷದ ಅತ್ಯುತ್ತಮ ಪ್ರಾಜೆಕ್ಟ್ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಅದಕ್ಕೂ ಮೊದಲು ಇನ್ನೊಂದು ಕೆಲಸ ಇದೆ, ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಮುಂದಿನ ಸಲ ಯಾರದ್ದಾದರೂ ಮನೆಯಲ್ಲಿ ‘ಏನು ತಿಂದಿದ್ದಳಂತೆ’ ಎಂಬ ಮಾತು ಶುರುವಾದಾಗ, ‘ಹಾಗಲ್ಲ ಚಿಕ್ಕಮ್ಮ, ನಾವು ಕಾಲೇಜಿನಲ್ಲಿ ಓದಿದ್ದೇವೆ’ ಎಂದು ಮರ್ಯಾದೆಯಿಂದಲೇ ತಡೆಯುವುದು. ಮಾತಿಗೂ ಒಂದು ಬ್ರೇಕ್ ಬೇಕು.

ಆ ಹುಡುಗಿಗೆ ಅಂದು ಅರ್ಧ ಗಂಟೆ ಇದನ್ನೆಲ್ಲ ಹೇಳಿದೆ. ಅವಳ ಬಸ್ಸು ತಪ್ಪಿತು. ಹೊರಡುವಾಗ, “ಮೇಡಂ, ಇದನ್ನು ಕನ್ನಡದಲ್ಲಿ ಬರೆದುಕೊಡ್ತೀರಾ? ಉಮ್ಮನಿಗೆ ಓದಿ ಹೇಳ್ಬೇಕು” ಎಂದಳು. ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಆ ಹಾಳೆಯೇ ಬೆಳೆದು ಈ ಲೇಖನವಾಗಿದೆ. ನೀವೂ ಇದನ್ನು ಮನೆಗೆ ಒಯ್ಯಿರಿ, ಯಾರಿಗಾದರೂ ಓದಿ ಹೇಳಿ.